ವ್ಯಾನಿನೊಳಗಿನ ನೀರು, ಗ್ಯಾಸು, ಬ್ಯಾಟರಿ

ಮಲ್ಪೆಯಿಂದ ಮರವಂತೆ ಕಡೆಗೆ ಹೊರಡುವ ಮುಂಚೆ ಕ್ಯಾಂಪರ್ ವ್ಯಾನಿನ (ಒಳಗೇ ಅಡುಗೆ ಮಾಡಿ ಮಲಗಬಹುದಾದ ಗಾಡಿ) ಗ್ಯಾಸ್ ಪೈಪಿಗೆ ಸೋಪಿನ ನೀರು ಹಚ್ಚಿ ನೋಡಿದೆ. ರೆಗ್ಯುಲೇಟರ್ ಹತ್ತಿರ ಒಂದೂ ಗುಳ್ಳೆ ಏಳಲಿಲ್ಲ. ಆಮೇಲೇ ಸಮಾಧಾನ. ಎಲ್‌ಪಿಜಿ ಗಾಳಿಗಿಂತ ಭಾರ ಅಲ್ವಾ, ಸೋರಿದರೆ ಕೆಳಗೇ ಕೂರುತ್ತದೆ. ಅದಕ್ಕೇ ಗ್ಯಾಸ್ ಅಲಾರಂ ನೆಲದ ಹತ್ತಿರ ಇರಬೇಕು. ಗಾಡಿ ಓಡುವಾಗ ಸಿಲಿಂಡರ್ ಬಂದ್. ಇದರಲ್ಲಿ ನಾನು ರಾಜಿ ಆಗುವುದಿಲ್ಲ.

ಬ್ಯಾಟರಿಯದ್ದು ಬರೀ ಲೆಕ್ಕ. 12 ವೋಲ್ಟ್, 100 ಆಂಪಿಯರ್-ಅವರ್ ಅಂದರೆ ಎರಡನ್ನೂ ಗುಣಿಸಿ 1200 ವಾಟ್-ಅವರ್ ಕರೆಂಟು ತುಂಬಿಟ್ಟ ಹಾಗೆ. ಲೆಡ್ ಆಸಿಡ್ ಆದರೆ ಅದರಲ್ಲಿ ಅರ್ಧ ಮಾತ್ರ ಬಳಸುವುದು ಒಳ್ಳೆಯದು, ಜಾಸ್ತಿ ಇಳಿಸಿದಷ್ಟೂ ಆಯಸ್ಸು ಕಡಿಮೆ. ನಮ್ಮ ಕರಾವಳಿಯ ಉಪ್ಪುಗಾಳಿಗೆ ಟರ್ಮಿನಲ್ ಮೇಲೆ ಬೇಗ ಹಸಿರು ಪುಡಿ ಕಟ್ಟುತ್ತದೆ. ಉಜ್ಜಿ ತೆಗೆದು ವ್ಯಾಸಲೀನ್ ಸವರುತ್ತೇನೆ.

ನಲ್ಲಿ ತಿರುಗಿಸದೆಯೂ ನೀರಿನ ಪಂಪ್ ಆಗಾಗ ಗುರ್ ಅಂದರೆ ಎಲ್ಲೋ ಸೋರುತ್ತಿದೆ ಅಂತ ಹುಡುಕಬೇಕು. ಮನೆಯಲ್ಲಿ ಬಾವಿ ತುಂಬಿರುವಾಗ ಒಂದು ಚೊಂಬು ನೀರಿನ ಕಡೆ ನನ್ನ ಗಮನವೇ ಹೋಗುವುದಿಲ್ಲ. ವ್ಯಾನಿನಲ್ಲಿ ಹೋಗುತ್ತದೆ. ಅದು ನನಗೆ ತುಂಬಾ ಇಷ್ಟ.

ಒಂದು ಮಾತು: ಪಾತ್ರೆ ತೊಳೆದ ನೀರನ್ನು ಬೀಚಿನ ಮರಳಿಗೆ ಬಿಡಬೇಡಿ. ಅದಕ್ಕೆ ಬೇರೆ ಟ್ಯಾಂಕ್ ಇಡಿ, ಆಮೇಲೆ ಮನೆಯ ಬಚ್ಚಲಿಗೆ ಸುರಿದರಾಯಿತು.