ಕೊನೆಗೂ ಹೆಡ್ ಬಿಚ್ಚಿದರು

14 ಅಕ್ಟೋಬರ್ 2025, ಮಂಗಳವಾರ

ಇವತ್ತು ನನ್ನ ಕಾರಿನ ಎಂಜಿನ್ ಹೆಡ್, ಅಂದರೆ ಸಿಲಿಂಡರ್‌ಗಳ ಮೇಲೆ ಕೂರುವ ಭಾಗ, ಬಿಚ್ಚಿದರು. ವರ್ಕ್‌ಶಾಪ್‌ನಿಂದ ಮಧ್ಯಾಹ್ನ ಫೋನ್ ಬಂತು, "ಮೇಡಂ, ನೀವೇ ಒಂದ್ಸಲ ಬಂದು ನೋಡಿಬಿಡಿ" ಅಂದರು, ಹೋದೆ. ಮೊದಲನೇ ಸಿಲಿಂಡರ್‌ನ ಪಿಸ್ಟನ್ ಫಳಫಳ ಹೊಳೆಯುತ್ತಿತ್ತು. ಉಳಿದ ಮೂರರ ಮೇಲೂ ಕಪ್ಪು ಮಸಿ. ಹೆಡ್ ಕೆಳಗೆ ಸೋರದಂತೆ ಕೂರಿಸುವ ತೆಳು ಹಾಳೆ, ಗ್ಯಾಸ್ಕೆಟ್, ಎತ್ತಿ ಬೆಳಕಿಗೆ ಹಿಡಿದರೆ ಆ ಸಿಲಿಂಡರ್‌ಗೂ ಪಕ್ಕದ ನೀರಿನ ದಾರಿಗೂ ನಡುವೆ ಸುಟ್ಟ ಗುರುತು ಸ್ಪಷ್ಟವಾಗಿ ಕಾಣುತ್ತದೆ. ಎಂಜಿನ್ ತಂಪು ಮಾಡುವ ಕೂಲಂಟ್ ಅಲ್ಲಿಂದ ಒಳಗೆ ಇಳಿದಿದೆ, ಆವಿಯಾಗಿದೆ, ಪಿಸ್ಟನ್ ಮೇಲಿದ್ದ ಮಸಿಯನ್ನೆಲ್ಲಾ ಎಬ್ಬಿಸಿಕೊಂಡು ಸೈಲೆನ್ಸರ್ ದಾರಿ ಹಿಡಿದಿದೆ. "ಕೂಲಂಟ್ ಕಡಿಮೆ ಆಗ್ತಾ ಇದೆ, ನೆಲದ ಮೇಲೆ ಒಂದು ಹನಿ ಇಲ್ಲ, ಹಾಗಾದ್ರೆ ಎಲ್ಲಿಗೆ ಹೋಗ್ತಿದೆ?" ಅಂತ ನಾನು ಕೇಳುತ್ತಾ ಬಂದದ್ದು ಇದನ್ನೇ. ಉತ್ತರ ಇವತ್ತು ಕಣ್ಣೆದುರಿಗೆ ಇತ್ತು.

ಹಿಂದಿನ ಕತೆ ಗೊತ್ತಿಲ್ಲದವರಿಗೆ ಚುಟುಕಾಗಿ ಹೇಳುತ್ತೇನೆ. ಸೆಕೆಂಡ್ ಹ್ಯಾಂಡ್ ಪೆಟ್ರೋಲ್ ಕಾರು, ಡೀಲರ್ ಕಡೆಯಿಂದಲೇ ಕೊಂಡದ್ದು, ಜೊತೆಗೆ ವಾರಂಟಿ. ಮೊದಲು ಟೆಂಪರೇಚರ್ ಮುಳ್ಳು ಮೇಲೆ ಹೋಯಿತು, ಕೂಲಂಟ್ ಹರಿವನ್ನು ನಿಯಂತ್ರಿಸುವ ಥರ್ಮೋಸ್ಟಾಟ್ ಬದಲಾಯಿಸಿದರು. ಆಮೇಲೆ ವಾಟರ್ ಪಂಪ್ ಜಿನುಗುತ್ತಿದೆ ಅಂದರು, ಅದೂ ಹೊಸದು ಬಂತು. ಅದಾದ ಮೇಲೆ ಬೆಳಿಗ್ಗೆ ಸ್ಟಾರ್ಟ್ ಮಾಡಿದಾಗ ಎಂಜಿನ್ ಗಡಗಡ ನಡುಗೋದು, ಚೆಕ್ ಎಂಜಿನ್ ಲೈಟ್ ಬರೋದು ಶುರುವಾಯಿತು. ಸ್ಕ್ಯಾನರ್ ಹಾಕಿದರೆ ಪಿ0301 ಅನ್ನುವ ಕೋಡ್, ಅಂದರೆ ಮೊದಲನೇ ಸಿಲಿಂಡರ್‌ನಲ್ಲಿ ಮಿಸ್‌ಫೈರ್, ಪೆಟ್ರೋಲ್ ಸರಿಯಾಗಿ ಹೊತ್ತಿಕೊಳ್ಳುತ್ತಿಲ್ಲ. ಪ್ಲಗ್‌ನ ಕಿಡಿಗೆ ಕರೆಂಟ್ ಕೊಡುವ ಇಗ್ನಿಷನ್ ಕಾಯಿಲ್ ಹೊಸದು ಹಾಕಿದರು. ಮತ್ತೆ ಅದೇ ಕೋಡ್, ಸ್ಪಾರ್ಕ್ ಪ್ಲಗ್ ಹಾಕಿದರು. ನಿಜ ಹೇಳಬೇಕೆಂದರೆ ವಾರಂಟಿಯವರು ಈ ಯಾವುದಕ್ಕೂ ತಕರಾರು ಮಾಡಲಿಲ್ಲ. ಪಾರ್ಟ್ ಅವರ ಪಟ್ಟಿಯಲ್ಲಿದೆಯಾ, ಇದ್ದರೆ ಪಾಸ್. ಆದರೆ ಒಂದು ಪಾರ್ಟ್ ಯಾಕೆ ಹೋಯಿತು, ಅದರ ಹಿಂದೆ ಇನ್ನೊಂದು ಯಾಕೆ ಹೋಯಿತು ಅಂತ ಕೇಳುವ ಜಾಗ ಆ ಕಾಗದದಲ್ಲಿ ಎಲ್ಲೂ ಇಲ್ಲ. ಬೇರೆ ಬೇರೆ ಬಿಲ್, ಬೇರೆ ಬೇರೆ ಕ್ಲೇಮ್, ಬೇರೆ ಬೇರೆ ಮೆಕ್ಯಾನಿಕ್. ಎಲ್ಲವನ್ನೂ ಒಟ್ಟಿಗೆ ಇಟ್ಟು ನೋಡುವ ಕೆಲಸ ಕಾರಿನ ಮಾಲೀಕರ ಮೇಲೇ ಬೀಳುತ್ತದೆ. ಇದು ನನಗೆ ಸರಿ ಅನ್ನಿಸುವುದಿಲ್ಲ, ಆದರೂ ಇರೋದು ಹೀಗೆ.

ಇದರಲ್ಲಿ ಅತ್ಯಂತ ಸುಸ್ತು ಮಾಡಿದ್ದು "ನಾವು ಓಡಿಸಿ ನೋಡಿದ್ವಿ, ಏನೂ ಕಾಣಲಿಲ್ಲ" ಅನ್ನುವ ವರ್ಕ್‌ಶಾಪ್‌ನವರ ಮಾತು. ಅವರಿಗೆ ಕಾಣಲಿಲ್ಲ ಅನ್ನುವುದು ಸುಳ್ಳಲ್ಲ. ಗಾಡಿ ಆಫ್ ಮಾಡಿದ ಮೇಲೂ ಕೂಲಂಟ್ ಸ್ವಲ್ಪ ಹೊತ್ತು ಒತ್ತಡದಲ್ಲೇ ಇರುತ್ತದೆ. ಗ್ಯಾಸ್ಕೆಟ್‌ನಲ್ಲಿ ಕೂದಲೆಳೆಯಷ್ಟು ಸಂದಿ ಇದ್ದರೆ ಆ ಒತ್ತಡಕ್ಕೆ ಸಿಲಿಂಡರ್ ಒಳಗೆ ಸ್ವಲ್ಪ ಸ್ವಲ್ಪವೇ ಇಳಿಯುತ್ತದೆ. ರಾತ್ರಿಯೆಲ್ಲಾ ನಿಂತು ಬೆಳಿಗ್ಗೆ ಸ್ಟಾರ್ಟ್ ಮಾಡಿದರೆ ಪ್ಲಗ್ ಒದ್ದೆ, ಆ ಸಿಲಿಂಡರ್ ಹೊತ್ತಿಕೊಳ್ಳುವುದಿಲ್ಲ, ಎಂಜಿನ್ ನಡುಗುತ್ತದೆ, ಹಿಂದುಗಡೆ ಬಿಳಿ ಹೊಗೆ, ಅದಕ್ಕೊಂದು ಸಿಹಿ ವಾಸನೆ. ಕೂಲಂಟ್‌ನಲ್ಲಿ ಎಥಿಲೀನ್ ಗ್ಲೈಕಾಲ್ ಇದ್ದರೆ ಬರುವ ವಾಸನೆ ಅದು. ಸ್ವಲ್ಪ ಹೊತ್ತಿಗೆ ಎಲ್ಲಾ ಒಣಗಿ ಎಂಜಿನ್ ಸರಿಯಾಗುತ್ತದೆ. ನಾನು ಕಾರನ್ನು ವರ್ಕ್‌ಶಾಪ್‌ಗೆ ಓಡಿಸಿಕೊಂಡು ಹೋಗುವಷ್ಟರಲ್ಲಿ ಅದು ಬಿಸಿಯಾಗಿ, ಸಾಚಾ ಥರ ನಿಂತಿರುತ್ತದೆ. ಹಾಗಾಗಿ ಬೆಳಿಗ್ಗೆ ಬರುವ ತೊಂದರೆಗೆ ಕಾರನ್ನು ಹಿಂದಿನ ಸಂಜೆಯೇ ಅಲ್ಲಿ ಬಿಟ್ಟು, ಬೆಳಿಗ್ಗೆ ತಣ್ಣಗಿರುವಾಗ ಅವರ ಕೈಯಲ್ಲೇ ಸ್ಟಾರ್ಟ್ ಮಾಡಿಸಬೇಕು. ನಾನು ಹಾಗೆ ಬಿಟ್ಟ ದಿನವೇ ಸರ್ವಿಸ್ ಅಡ್ವೈಸರ್ ಮಾತಿನ ಧಾಟಿ ಬದಲಾಯಿತು. ಮನೆಯಲ್ಲಿ ಸ್ಟಾರ್ಟ್ ಮಾಡುವ ವೀಡಿಯೋ ಮೊದಲೇ ತೋರಿಸಿದ್ದೆ, ಆದರೆ ಅವರು ಸ್ವಂತ ಕಿವಿಯಲ್ಲಿ ಕೇಳೋದೇ ಬೇರೆ.

ಇನ್ನೊಂದು ಸಿಟ್ಟು, ಕೋಡ್ ಅಳಿಸೋದರ ಬಗ್ಗೆ. ಲೈಟ್ ಬಂತಾ, ಸ್ಕ್ಯಾನರ್ ಹಾಕು, ಕೋಡ್ ಅಳಿಸು, ಗಾಡಿ ಕೊಟ್ಟು ಕಳಿಸು. ಥರ್ಮಾಮೀಟರ್ ಝಾಡಿಸಿ ಇಟ್ಟರೆ ಜ್ವರ ಇಳಿಯುತ್ತದಾ? ಕೋಡ್ ಜೊತೆಗೆ ಫ್ರೀಜ್ ಫ್ರೇಮ್ ಅಂತ ಒಂದು ದಾಖಲೆ ಇರುತ್ತದೆ, ತೊಂದರೆ ಬಂದ ಆ ಕ್ಷಣದಲ್ಲಿ ಎಂಜಿನ್ ಎಷ್ಟು ಬಿಸಿ ಇತ್ತು, ಎಷ್ಟು ಆರ್‌ಪಿಎಂ, ಗಾಡಿ ಎಷ್ಟು ವೇಗದಲ್ಲಿತ್ತು ಎಲ್ಲಾ ಅದರಲ್ಲಿ ಇರುತ್ತದೆ. ನನ್ನ ಕಾರಿನಲ್ಲಿ ಅದು ತಣ್ಣನೆಯ ಎಂಜಿನ್, ಐಡಲ್ (ಗಾಡಿ ನಿಂತಲ್ಲೇ, ಎಂಜಿನ್ ಮಾತ್ರ ಓಡುತ್ತಿದೆ) ಎಂದು ತೋರಿಸುತ್ತಿತ್ತು. ಕಾಯಿಲ್ ಹೋಗಿದ್ದರೆ ಬಿಸಿಯಲ್ಲಿ, ಏರು ಹತ್ತುವಾಗ ಜಾಸ್ತಿ ತೊಂದರೆ ಕೊಡುವುದು ಸಾಮಾನ್ಯ, ಹಾಗಾಗಿ ಸುಳಿವು ಅಲ್ಲೇ ಇತ್ತು. ಅಳಿಸಿದರೆ ಅದೂ ಕೋಡ್ ಜೊತೆಗೇ ಹೋಗುತ್ತದೆ. ಈಗ ನಾನು ಜಾಬ್ ಕಾರ್ಡ್‌ನಲ್ಲೇ ಬರೆಸುತ್ತೇನೆ: ಅಳಿಸುವ ಮೊದಲು ಕೋಡ್ ಮತ್ತು ಫ್ರೀಜ್ ಫ್ರೇಮ್ ಪ್ರಿಂಟ್ ಅಥವಾ ಫೋಟೋ ಕೊಡಬೇಕು.

ಸೆಕೆಂಡ್ ಹ್ಯಾಂಡ್ ಕಾರು ನೋಡಲು ಹೋಗುವವರಿಗೂ ಇದು ಉಪಯೋಗ. ಅಮೆರಿಕದಲ್ಲಿ 1996ರಿಂದ ಮಾರಿದ ಕಾರುಗಳಿಗೆಲ್ಲಾ ಒಬಿಡಿ-2, ಅಂದರೆ ಕಾರು ತನ್ನ ತೊಂದರೆಯನ್ನು ತಾನೇ ಗುರುತಿಸಿ ಕೋಡ್ ಇಡುವ ವ್ಯವಸ್ಥೆ, ಕಡ್ಡಾಯವಾಯಿತು, ಆಮೇಲೆ ಬೇರೆ ಕಡೆಯೂ ಇದೇ ಥರದ ನಿಯಮ ಬಂತು. ಹಾಗಾಗಿ ಸ್ಟೀರಿಂಗ್ ಕೆಳಗಿನ ಆ ಪ್ಲಗ್‌ಗೆ ಒಂದು ಸಾಧಾರಣ ಸ್ಕ್ಯಾನರ್ ಸಾಕು. ಕೋಡ್ ಅಳಿಸಿದ ಮೇಲೆ ಕಾರು ಎಷ್ಟು ಕಿಲೋಮೀಟರ್ ಓಡಿದೆ ಅನ್ನುವುದನ್ನು ಹೆಚ್ಚಿನ ಕಾರುಗಳು ಹೇಳುತ್ತವೆ. ಮಾರುವವರು "ಏನೂ ತೊಂದರೆ ಇಲ್ಲ" ಅನ್ನುತ್ತಿರುವಾಗ ಆ ಅಂಕಿ ತೀರಾ ಚಿಕ್ಕದಿದ್ದರೆ, ಯಾಕೆ ಅಳಿಸಿದಿರಿ ಎಂದು ಕೇಳಲೇಬೇಕು. ಬ್ಯಾಟರಿ ಬಿಚ್ಚಿದ್ದರೂ ಹಾಗಾಗಬಹುದು, ಆದರೆ ಕೇಳೋದಕ್ಕೆ ಏನಂತೆ.

ಹೆಡ್ ಬಿಚ್ಚುವ ಮೊದಲು ಮಾಡಬಹುದಾದ ಪರೀಕ್ಷೆಗಳು ಇವೆ, ಅವುಗಳನ್ನು ಮಾಡಿಸಲು ನಾನು ಹಟ ಹಿಡಿಯಬೇಕಾಯಿತು. ಒಂದು ಪ್ರೆಶರ್ ಟೆಸ್ಟ್. ರೇಡಿಯೇಟರ್ ಮುಚ್ಚಳದ ಜಾಗದಲ್ಲಿ ಪಂಪ್ ಕೂರಿಸಿ, ಮುಚ್ಚಳ ತಡೆಯುವಷ್ಟೇ ಒತ್ತಡ, ಬಹಳ ಕಾರುಗಳಲ್ಲಿ ಅದು ಸುಮಾರು 1 ಬಾರ್, ಕೊಟ್ಟು ಬಿಡುತ್ತಾರೆ. ಒತ್ತಡದ ಮುಳ್ಳು ನಿಧಾನವಾಗಿ ಇಳಿಯಿತು, ಹೊರಗೆ ಎಲ್ಲೂ ಒದ್ದೆ ಇಲ್ಲ, ಅಂದರೆ ಸೋರುತ್ತಿರೋದು ಒಳಗೆ. ಇನ್ನೊಂದು, ಕೂಲಂಟ್ ಮೇಲಿನ ಗಾಳಿಯನ್ನು ನೀಲಿ ದ್ರವದ ಮೂಲಕ ಎಳೆಯುವ ಪರೀಕ್ಷೆ. ಎಂಜಿನ್‌ನಲ್ಲಿ ಸುಟ್ಟ ಗಾಳಿ, ಅಂದರೆ ಕಾರ್ಬನ್ ಡೈಆಕ್ಸೈಡ್, ಅದರಲ್ಲಿ ಇದ್ದರೆ ನೀಲಿ ಹಳದಿಗೆ ತಿರುಗುತ್ತದೆ. ರೇಡಿಯೇಟರ್‌ನಲ್ಲಿ ಅದಕ್ಕೇನು ಕೆಲಸ, ಅಲ್ವಾ? ಹಳದಿಗೆ ತಿರುಗಿತು. ಇಷ್ಟು ಸುಲಭದ ಪರೀಕ್ಷೆಯನ್ನು ಥರ್ಮೋಸ್ಟಾಟ್ ಹಾಕಿದ ದಿನವೇ ಮಾಡಿದ್ದರೆ ಪಂಪು, ಕಾಯಿಲು, ಪ್ಲಗ್ಗು ಎಲ್ಲವೂ ಉಳಿಯುತ್ತಿತ್ತೇನೋ.

ವಾರಂಟಿ ಕಂಪನಿಯ ಜೊತೆ ನಿಜವಾದ ಜಗ್ಗಾಟ ಆಗ ಶುರುವಾಯಿತು. ಹೆಡ್ ಬಿಚ್ಚಲು ಅನುಮತಿ ಬೇಕು, ಬಿಚ್ಚಿದ ಮೇಲೆ ತೊಂದರೆ ಅವರ ಪಟ್ಟಿಯಲ್ಲಿ ಇಲ್ಲ ಅಂತಾದರೆ ಬಿಚ್ಚಿದ ಕೂಲಿ ನನ್ನದು, ಹೀಗೆಂದು ಸಹಿ ಕೇಳಿದರು. ಹಾಕಿದೆ, ಪರೀಕ್ಷೆಯ ಫಲಿತಾಂಶ ಕೈಯಲ್ಲಿದ್ದದ್ದರಿಂದ ಭಯ ಇರಲಿಲ್ಲ. ಮುಂದಿನ ಪ್ರಶ್ನೆ, "ಮುಳ್ಳು ಮೇಲೆ ಹೋದಾಗಲೂ ನೀವು ಗಾಡಿ ಓಡಿಸಿದ್ರಾ?" ಇದು ಸುಮ್ನೆ ಕೇಳುವ ಪ್ರಶ್ನೆ ಅಲ್ಲ. ಬಿಸಿಯಾದ ಮೇಲೂ ಓಡಿಸಿದ್ದರಿಂದ ಆದ ಹಾನಿಗೆ ವಾರಂಟಿ ಇಲ್ಲ ಎನ್ನುವ ಸಾಲು ಇಂಥ ಕಾಗದಗಳಲ್ಲಿ ಸಾಮಾನ್ಯವಾಗಿ ಇರುತ್ತದೆ, ನನ್ನದರಲ್ಲೂ ಇದೆ. ಅವತ್ತು ನಾನು ರಸ್ತೆ ಪಕ್ಕ ನಿಲ್ಲಿಸಿ ಟೋ ಮಾಡಿಸಿದ್ದೆ. ಟೋ ರಸೀದಿ ಇತ್ತು, ದಿನಾಂಕ, ಸಮಯ, ಓಡೋಮೀಟರ್ ಎಲ್ಲಾ ಅದರಲ್ಲಿತ್ತು, ಕಳಿಸಿದೆ. ಆ ಮಾತು ಅಲ್ಲಿಗೇ ನಿಂತಿತು. ರಸೀದಿ ಇಲ್ಲದಿದ್ದರೆ ನಾನು ನಿಜ ಹೇಳುತ್ತಿದ್ದರೂ ಗೆಲ್ಲುತ್ತಿದ್ದೆನೋ ಇಲ್ಲವೋ.

ಇವತ್ತು ಮತ್ತೆ ಬೋಲ್ಟ್ ವಿಷಯಕ್ಕೆ ಮಾತು ಬೆಳೆಯಿತು. ಗ್ಯಾಸ್ಕೆಟ್, ಹೆಡ್ ಮಟ್ಟ ಮಾಡಿಸುವ ಖರ್ಚು, ಕೂಲಿ ಒಪ್ಪಿದ್ದಾರೆ. ಹೆಡ್ ಬೋಲ್ಟ್ ಮತ್ತು ಹೊಸ ಕೂಲಂಟ್ "ಸವೆಯುವ ವಸ್ತು", ಅದು ನಿಮ್ಮದು ಅಂದರು. ಈ ಎಂಜಿನ್‌ನ ಬೋಲ್ಟ್‌ಗಳನ್ನು ಬಿಗಿಯುವಾಗ ಅವು ಸ್ವಲ್ಪ ಹಿಗ್ಗುವಂತೆಯೇ ಮಾಡಿರುತ್ತಾರೆ, ಒಮ್ಮೆ ಬಿಚ್ಚಿದರೆ ಮತ್ತೆ ಹಾಕುವ ಹಾಗಿಲ್ಲ, ಸರ್ವಿಸ್ ಮ್ಯಾನ್ಯುಯಲ್‌ನಲ್ಲೇ ಹಾಗಿದೆ. ಆ ಪುಟದ ಫೋಟೋ ಫೋರ್‌ಮನ್ ಹತ್ತಿರವೇ ತೆಗೆಸಿಕೊಂಡು ಇಮೇಲ್ ಮಾಡಿದೆ, ಹಳೇ ಬೋಲ್ಟ್ ಹಾಕಿ ಮತ್ತೆ ಸೋರಿದರೆ ಇದೇ ಕ್ಲೇಮ್ ಮತ್ತೆ ನಿಮ್ಮ ಮುಂದೆ ಬರುತ್ತದೆ ಎಂದೂ ಬರೆದೆ. ಸಂಜೆ ಬೋಲ್ಟ್‌ಗೆ ಒಪ್ಪಿದರು. ಕೂಲಂಟ್ ನಾನೇ ಕೊಡುತ್ತೇನೆ, ಅದಕ್ಕೆ ಜಗಳ ಬೇಡ. ಆದರೆ ಸಾದಾ ನೀರು ಸುರಿಯೋದು ಬೇಡ ಎಂದಿದ್ದೇನೆ. ಅರ್ಧ ಕೂಲಂಟ್ ಅರ್ಧ ಡಿಸ್ಟಿಲ್ಡ್ ವಾಟರ್ ಮಿಶ್ರಣ, ಮುಚ್ಚಳದ ಒತ್ತಡದಲ್ಲಿ, ಸುಮಾರು 129 ಡಿಗ್ರಿ ಸೆಲ್ಸಿಯಸ್‌ವರೆಗೂ ಕುದಿಯುವುದಿಲ್ಲ. ಬರೀ ನೀರಿಗೆ ಅಷ್ಟು ತಾಳಿಕೆ ಇಲ್ಲ, ಮೇಲಾಗಿ ಒಳಗೆಲ್ಲಾ ತುಕ್ಕು.

ವಾರಂಟಿ ಮುಗಿಯಲು ಹೆಚ್ಚು ದಿನ ಉಳಿದಿಲ್ಲ. ಕಾರು ವರ್ಕ್‌ಶಾಪ್‌ನಲ್ಲಿ ಕೂತ ದಿನಗಳೂ ಲೆಕ್ಕಕ್ಕೆ ಸೇರುತ್ತವೆ, ಅವಧಿ ನಿಲ್ಲುವುದಿಲ್ಲ. ಅದಕ್ಕೇ ಕಂಪನಿಗೆ ಇನ್ನೊಂದು ಇಮೇಲ್ ಹಾಕಿದ್ದೇನೆ: ಕೂಲಂಟ್ ಕಡಿಮೆಯಾಗುವ ದೂರನ್ನು ಮೊದಲ ಜಾಬ್ ಕಾರ್ಡ್‌ನಲ್ಲೇ ಕೊಟ್ಟಿದ್ದೇನೆ, ಅದು ಬಗೆಹರಿಯುವವರೆಗೆ ಒಂದೇ ದೂರು ಎಂದು ಪರಿಗಣಿಸಬೇಕು, ಈ ರಿಪೇರಿಗೆ ಬೇರೆ ಗ್ಯಾರಂಟಿ ಬರವಣಿಗೆಯಲ್ಲಿ ಕೊಡಬೇಕು. ಜಾಬ್ ಕಾರ್ಡ್‌ಗಳ ಪ್ರತಿಯನ್ನೂ ಸೇರಿಸಿದ್ದೇನೆ. ಉತ್ತರ ಇನ್ನೂ ಬಂದಿಲ್ಲ. ಫೋನಿನಲ್ಲಿ "ಆಗುತ್ತೆ ಮೇಡಂ" ಅಂದರು, ಅದನ್ನೇ ಬರೆದು ಕಳಿಸಿ ಅಂದೆ.

ನಾಳೆ ಹೆಡ್ ಮೆಷಿನ್ ಶಾಪ್‌ಗೆ ಹೋಗುತ್ತದೆ. ಅದರ ಮೇಲೆ ನೇರವಾದ ಲೋಹದ ಪಟ್ಟಿ ಇಟ್ಟು, ಸಂದಿ ಅಳೆಯುವ ತೆಳು ತಗಡುಗಳಲ್ಲಿ (ಫೀಲರ್ ಗೇಜ್) ಎಷ್ಟು ಬಾಗಿದೆ ನೋಡುತ್ತಾರೆ, ಬಿರುಕು ಇದೆಯಾ ಅಂತಲೂ. ಅಳತೆ ಎಷ್ಟು ಬಂತು ಎಂದು ಕಾಗದದ ಮೇಲೆ ಬೇಕು ಎಂದಿದ್ದೇನೆ. ಹಳೇ ಗ್ಯಾಸ್ಕೆಟ್ ಬಿಸಾಡಬೇಡಿ ಎಂದೂ ಹೇಳಿದ್ದೇನೆ. ಎಲ್ಲಾ ಸರಿ ಹೋದರೆ ಶುಕ್ರವಾರ ಸಂಜೆ ಕಾರು ರೆಡಿ ಅಂತೆ. ನಾನು ಶನಿವಾರ ಬೆಳಿಗ್ಗೆ ಹೋಗುತ್ತೇನೆ, ರಾತ್ರಿಯೆಲ್ಲಾ ಅಲ್ಲೇ ನಿಂತಿರಲಿ, ನಾನು ಬರುವ ಮೊದಲು ಯಾರೂ ಸ್ಟಾರ್ಟ್ ಮಾಡಬೇಡಿ ಎಂದು ಜಾಬ್ ಕಾರ್ಡ್ ಮೇಲೆ ದಪ್ಪ ಅಕ್ಷರದಲ್ಲಿ ಬರೆಸಿ ಬಂದಿದ್ದೇನೆ.