ದೊಡ್ಡಪ್ಪನ ತೊಡೆ ಮೇಲೆ ಟೇಕ್ ಫೈವ್

ಮುಂಬೈನ ಚೋರ್ ಬಜಾರ್‌ನಲ್ಲಿ ಸಿಕ್ಕಿದ ಹಳೇ ಎಲ್‌ಪಿ ರೆಕಾರ್ಡ್ ಹಾಕ್ಕೊಂಡು ಕೂತಿದ್ದೆ, ಅಮೆರಿಕಾದ ನಾಲ್ಕು ಜನರ ಜ್ಯಾಝ್ ಬ್ಯಾಂಡ್ ಡೇವ್ ಬ್ರೂಬೆಕ್ ಕ್ವಾರ್ಟೆಟ್‌ದು, 1959ರ 'ಟೈಮ್ ಔಟ್'. ಮಾಟುಂಗಾದಿಂದ ದೊಡ್ಡಪ್ಪ ಬಂದಿದ್ರು. ನಲವತ್ತು ವರ್ಷ ಭಜನೆಗೆ ಮೃದಂಗ ನುಡಿಸಿದ ಕೈ ಅದು, ಸುಮ್ನಿರಲ್ಲ. ಅದರಲ್ಲಿರೋ 'ಟೇಕ್ ಫೈವ್' ಶುರುವಾಗಿದ್ದೇ ತಡ ತೊಡೆ ಮೇಲೆ ಬೆರಳು ಆಡೋಕೆ ಹತ್ತಿತು, ತಕ ತಕಿಟ, ತಕ ತಕಿಟ, ಐದರ ಲೆಕ್ಕ, ಖಂಡ ಚಾಪು ಅಂತ ಎರಡು ಆವರ್ತಕ್ಕೇ ಹಿಡಿದುಬಿಟ್ರು, ಆದ್ರೂ ಎಲ್ಲೋ ಕೂರ್ತಿಲ್ಲ. ಕೈ ನಿಲ್ಸಿ ಕಣ್ಮುಚ್ಚಿ ಕೇಳಿದ್ರು. ಆಮೇಲೆ "ಇವ್ರು ಮೂರನ್ನ ಮೊದ್ಲು ಹಾಕ್ತಾರೆ ಕಣೋ, ತಕಿಟ ತಕ" ಅಂದ್ರು. ಆಗ ಕೂತ್ಕೊಂಡ್ತು.

ಈ ಪೀಸ್ ಬರೆದದ್ದು ಸ್ಯಾಕ್ಸೊಫೋನ್‌ನ ಪಾಲ್ ಡೆಸ್ಮಂಡ್. ಕೂಲ್ ಜ್ಯಾಝ್ ಅಂದ್ರೆ ಏನು ಅಂತ ಯಾರಾದ್ರೂ ಕೇಳಿದ್ರೆ ನಾನು ಆತನ ನಾದ ಕೇಳಿಸ್ತೀನಿ, ಒಂದು ಸ್ವರಾನೂ ಕೂಗಲ್ಲ. ಆದ್ರೆ ನನ್ನ ಜೀವ ಇರೋದು ಮಧ್ಯದಲ್ಲಿ, ಜೋ ಮೊರೆಲ್ಲೋ ಡ್ರಮ್ಸ್‌ಗೆ ಬಿಟ್ಟುಕೊಟ್ಟಿರೋ ಜಾಗದಲ್ಲಿ. ತಬಲಾ ಸೋಲೋಗೆ ಹಾರ್ಮೋನಿಯಂನಲ್ಲಿ ಲೆಹರಾ ಹಿಡೀತಾರಲ್ಲ, ಹಾಗೆ ಬ್ರೂಬೆಕ್ ಪಿಯಾನೋದಲ್ಲಿ ಅದೇ ಪುಟ್ಟ ಸುತ್ತನ್ನ ತಿರುಗಿಸ್ತಾ ಇರ್ತಾರೆ, ಬ್ಯಾಂಡಿಗೆ ತಮ್ಮದೇ ಹೆಸರು ಆದ್ರೂ ತಾವು ಹಿಂದೆ ನಿಂತ್ಕೋತಾರೆ, ಅದರ ಮೇಲೆ ಮೊರೆಲ್ಲೋ ಒಂದು ಪೆಟ್ಟು ಹೊಡೆದು ಖಾಲಿ ಬಿಡ್ತಾರೆ, ಮತ್ತೊಂದು ಹೊಡೆದು ಇನ್ನೂ ಉದ್ದ ಬಿಡ್ತಾರೆ.

1958ರಲ್ಲಿ ಅಮೆರಿಕಾ ಸರ್ಕಾರದ ಟೂರ್‌ನಲ್ಲಿ ಈ ನಾಲ್ವರೂ ಭಾರತಕ್ಕೂ ಬಂದಿದ್ರು, ನಮ್ಮ ಬಾಂಬೆಯಲ್ಲೂ ನುಡಿಸಿದ್ರು. ಅದೇ ಟೂರ್‌ನಲ್ಲಿ ಟರ್ಕಿಯ ಬೀದಿ ವಾದ್ಯಗಾರರಿಂದ ಕೇಳಿದ ಒಂಬತ್ತರ ನಡೆ 'ಬ್ಲೂ ರೊಂಡೊ ಆ ಲಾ ಟರ್ಕ್' ಆಯ್ತು. ಸೂಜಿ ಎತ್ತಿ ಅದನ್ನೂ ಕೇಳಿಸಿದೆ. "ತಕ ತಕ ತಕ ತಕಿಟ" ಅಂತ ದೊಡ್ಡಪ್ಪ ಬಾಯಲ್ಲೇ ಹೇಳ್ಕೊಂಡು ಹೋದ್ರು, ಒಂದೂ ತಪ್ಪಲಿಲ್ಲ.

ನಾಲ್ವರಲ್ಲಿ ಬೇಸ್ (ತಗ್ಗು ದನಿಯ ದೊಡ್ಡ ತಂತಿ ವಾದ್ಯ) ನುಡಿಸ್ತಿದ್ದ ಯೂಜೀನ್ ರೈಟ್ ಕಪ್ಪು ಜನಾಂಗದವರು. ಆ ಕಾಲದಲ್ಲಿ ಅಮೆರಿಕಾದ ದಕ್ಷಿಣದ ಕಾಲೇಜುಗಳು ಅವರನ್ನ ಬಿಟ್ಟು ಬನ್ನಿ ಅಂದಾಗ ಬ್ರೂಬೆಕ್ ಒಪ್ಪಲಿಲ್ಲ, ಸಾಲು ಸಾಲು ಶೋ ಹೋದ್ವು, ಹೋಗ್ಲಿ ಅಂದ್ರು. ಇದು ಗೊತ್ತಾದ ಮೇಲೆ ಆ ಬೇಸ್ ನನ್ನ ಕಿವಿಗೆ ಮೊದಲಿಗಿಂತ ಜಾಸ್ತಿ ಬೀಳತ್ತೆ.

ಹೊರಡೋ ಮುಂಚೆ ದೊಡ್ಡಪ್ಪ "ಆ ಐದರದ್ದು ಇನ್ನೊಂದ್ಸಲ ಹಾಕು" ಅಂದ್ರು. ಡ್ರಮ್ಸ್ ಜಾಗ ಬಂದಾಗ ಬೆರಳನ್ನ ತೊಡೆಯಿಂದ ಮೇಲೆತ್ತಿ ಹಾಗೇ ಹಿಡ್ಕೊಂಡ್ರು, ಮೊರೆಲ್ಲೋ ಖಾಲಿ ಬಿಟ್ಟಷ್ಟು ಹೊತ್ತೂ.