ಗುಂಡನ ಮನೆಗೆ ನುಸಿ ಬಂದ ರಾತ್ರಿ

ಜನವರಿಯ ಒಂದು ಶನಿವಾರ, ರಾತ್ರಿ ಹತ್ತು ಗಂಟೆ. ಏಡಿಗಳ ಊಟದ ತಟ್ಟೆ ತೆಗೆಯೋಣ ಅಂತ ತೊಟ್ಟಿಯ ಗಾಜಿನ ಮುಚ್ಚಳ ಸರಿಸಿದೆ. ಕರಿ ಸೊಳ್ಳೆಯಂಥದ್ದೊಂದು ಮೂಗಿಗೇ ಬಂದು ಬಡಿಯಿತು. ಟಾರ್ಚ್ ಬಿಟ್ಟು ನೋಡಿದರೆ ತಟ್ಟೆಯ ಮೇಲೆ ಹಿಟ್ಟು ಚೆಲ್ಲಿದ ಹಾಗೆ ಬಿಳಿ ಬಿಳಿ. ಹಿಟ್ಟು ನಡೆಯುತ್ತಿತ್ತು.

ನಮ್ಮ ಮನೆಗೆ ಈ ಏಡಿಗಳು ಬಂದಿದ್ದು ಬೇಸಿಗೆಯಲ್ಲಿ. ನ್ಯೂಜೆರ್ಸಿಯ ಕಡಲ ತೀರದ ಅಂಗಡಿಗಳಲ್ಲಿ, ಖಾಲಿ ಶಂಖದೊಳಗೆ ಮನೆ ಮಾಡುವ ಹರ್ಮಿಟ್ ಕ್ರ್ಯಾಬ್‌ಗಳನ್ನು ಬಳೆ, ಟೋಪಿ ಮಾರುವ ಹಾಗೆ ಮಾರುತ್ತಾರೆ. ಬಣ್ಣ ಬಳಿದ ಶಂಖ, ಒಂದು ತಂತಿ ಪಂಜರ, ಮಗಳ ಕಣ್ಣೀರು. ಎರಡು ತಂದೆವು. ಗುಂಡ ಮತ್ತು ಪುಟ್ಟಿ. ತಂತಿ ಪಂಜರದಲ್ಲಿ ಅವು ಬದುಕಲ್ಲ ಅಂತ ಗೊತ್ತಾಗಿದ್ದು ಆಮೇಲೆ. ಇವು ಕೆರಿಬಿಯನ್ ತೀರದ ಏಡಿಗಳು. ನೆಲದ ಮೇಲಿದ್ದರೂ ಉಸಿರಾಡುವುದು ಕಿವಿರಿನಲ್ಲೇ, ಅದಕ್ಕೆ ಗಾಳಿ ಸದಾ ತೇವವಾಗಿರಬೇಕು. ಹಾಗಾಗಿ 20 ಗ್ಯಾಲನ್ನಿನ ಗಾಜಿನ ತೊಟ್ಟಿ ಬಂತು. ಒಳಗೆ 27 ಡಿಗ್ರಿ ಶಾಖ, ಶೇಕಡಾ 80ರಷ್ಟು ತೇವ, ಐದು ಪಾಲು ಮರಳಿಗೆ ಒಂದು ಪಾಲು ತೆಂಗಿನ ನಾರಿನ ಪುಡಿ. ಆ ನಾರಿನ ಇಟ್ಟಿಗೆಗೆ ಡಾಲರ್ ಕೊಡುವಾಗ ಹೊಟ್ಟೆ ಉರಿಯಿತು. ನಾನು ತಿಪಟೂರಿನವಳು. ನಮ್ಮ ಹಿತ್ತಲಲ್ಲಿ ಅದು ರಾಶಿ ಬಿದ್ದಿರುತ್ತದೆ.

ಇರಲಿ. ನಡೆಯುವ ಹಿಟ್ಟು ನೋಡಿ ನನಗೆ ಮೊದಲು ನೆನಪಾಗಿದ್ದು ಅಪ್ಪ. ಊರಲ್ಲಿ ಆಗ ಬೆಳಿಗ್ಗೆ ಎಂಟೂವರೆ. ಫೋನ್ ಮಾಡಿ, "ಅಪ್ಪಾ, ಏಡಿ ಡಬ್ಬಕ್ಕೆ ನುಸಿ ಬಿದ್ದಿದೆ" ಅಂದೆ.

ನುಸಿ ಅಂದರೆ ಅಪ್ಪನಿಗೆ ಈಗಲೂ ಮೈ ಉರಿಯುತ್ತದೆ. 1998ರಲ್ಲಿ ಕೇರಳದಲ್ಲಿ ಕಾಣಿಸಿಕೊಂಡ ತೆಂಗಿನ ನುಸಿ ನಮ್ಮ ಕಡೆಗೂ ಬಂದು, ಕಾಯಿಯೆಲ್ಲಾ ಕಂದು ಗಾಯವಾಗಿ ಸೊರಗಿಹೋದ ಕಾಲ ಅವರದು. ಹುಳ ತೊಟ್ಟಿನ ಟೋಪಿಯ ಕೆಳಗೆ ಕೂತಿರುತ್ತಿತ್ತು. ಮೇಲಿಂದ ಎಷ್ಟು ಔಷಧಿ ಹೊಡೆದರೂ ಸರಿಯಾಗಿ ತಾಗುತ್ತಿರಲಿಲ್ಲ.

"ಬರಿಗಣ್ಣಲ್ಲಿ ಕಾಣ್ತದೇನವ್ವ?"

"ಕಾಣ್ತದೆ. ಓಡಾಡ್ತಾ ಇದೆ."

"ಹಂಗಾದ್ರೆ ನಮ್ಮ ನುಸಿ ಅಲ್ಲ ಬಿಡು. ನಮ್ದು ಹಂಗೆಲ್ಲಾ ಕಣ್ಣಿಗೆ ಕಾಣೋದಲ್ಲ. ಸರಿಯಾಗಿ ನೋಡು, ಕಾಲು ಎಷ್ಟಿದಾವೆ?"

ರಾತ್ರಿ ಹತ್ತು ಗಂಟೆಗೆ ಹುಳದ ಕಾಲು ಎಣಿಸೋದು! ಆದರೂ ಫೋನಿಗೆ ಸಿಕ್ಕಿಸುವ ಪುಟ್ಟ ಮಸೂರವೊಂದಿತ್ತು, ಮಗಳದು. ತಂದು ನೋಡಿದೆ. ಅಲ್ಲಿ ಎರಡು ಥರ ಇದ್ದವು. ಒಣ ಸಿಗಡಿಯ ಚೂರಿನ ಮೇಲೆ ಉರುಟಾಗಿ, ಮಂದವಾಗಿ ತೆವಳುತ್ತಿದ್ದವಕ್ಕೆ ಎಂಟು ಕಾಲು. ಅವು ನುಸಿಯೇ, ಜೇಡದ ಬಳಗ. ಮರಳಿನ ಮೇಲೆ ಉದ್ದುದ್ದ ಇದ್ದವಕ್ಕೆ ಆರು ಕಾಲು. ಉಫ್ ಅಂತ ಊದಿದರೆ ಟಣ್ಣನೆ ನೆಗೆದವು. ಅವು ಸ್ಪ್ರಿಂಗ್‌ಟೇಲ್. ಹೊಟ್ಟೆಯ ಕೆಳಗೆ ಕವೆಯಂಥ ಬಾಲ ಮಡಚಿ ಇಟ್ಟುಕೊಂಡಿರುತ್ತವೆ, ಹೆದರಿದರೆ ಅದನ್ನು ನೆಲಕ್ಕೆ ಒದ್ದು ಹಾರುತ್ತವೆ. ಬೂಷ್ಟು ತಿಂದು ಬದುಕುವ ಬಡಪಾಯಿಗಳು. ಇಷ್ಟು ದಿನ ನನ್ನ ತೊಟ್ಟಿಯ ಕಸ ಗುಡಿಸಿದ್ದು ಅವೇ ಇರಬೇಕು.

ಮರುದಿನ ಸಾಕುಪ್ರಾಣಿ ಅಂಗಡಿಯ ಹುಡುಗ ಬಹಳ ಸುಲಭದ ದಾರಿ ಹೇಳಿದ. ಮರಳೆಲ್ಲಾ ತೆಗೆದು ಬಿಸಾಕಿ, ಒಂದು ಸ್ಪ್ರೇ ಹೊಡೆಯಿರಿ. ಹುಳ ಕೊಲ್ಲುವ ಔಷಧಿ ಏಡಿಯನ್ನು ಬಿಡುತ್ತದಾ? ಗೆಣ್ಣುಗಾಲಿನ ಈ ಜೀವಿಗಳೆಲ್ಲಾ ಒಂದೇ ದೊಡ್ಡ ಬಳಗ. ಇನ್ನು ಮರಳು ತೆಗೆಯೋ ಮಾತೇ ಇಲ್ಲ. ಗುಂಡ ಐದು ವಾರದಿಂದ ಅದರಡಿ ಹೂತುಕೊಂಡಿದ್ದ, ಪೊರೆ ಬಿಡುವುದಕ್ಕೆ. ಆ ಹೊತ್ತಲ್ಲಿ ಅವನ ಮೈ ಬೆಣ್ಣೆಯ ಹಾಗಿರುತ್ತದೆ. ಅಗೆದರೆ ಸತ್ತೇ ಹೋಗಬಹುದು.

ಸುಮ್ನೆ ಕೂರಲೂ ಆಗದು. ಮರಳನ್ನು ಮುಟ್ಟದೆ ಎಷ್ಟು ಆಗುತ್ತೋ ಅಷ್ಟು ಮಾಡಿದೆ. ತಟ್ಟೆ, ನೀರಿನ ಬಟ್ಟಲು ಎಲ್ಲಾ ಕುದಿಯುವ ನೀರಲ್ಲಿ ತೊಳೆದೆ. ಸಿಗಡಿ ಪೊಟ್ಟಣ ತೆರೆದರೆ ಒಳಗೂ ಅದೇ ಹಿಟ್ಟು. ನುಸಿಯ ತವರು ಅಲ್ಲೇ! ಆಚೆ ಎಸೆದು ಹೊಸದು ತಂದೆ. ಊಟ ಸಂಜೆ ಚಿಟಿಕೆಯಷ್ಟು, ಬೆಳಿಗ್ಗೆ ಎದ್ದ ಕೂಡಲೇ ವಾಪಸ್. ಪುಟ್ಟಿಯ ಶಂಖದ ಮೇಲೂ ನಾಲ್ಕು ಚುಕ್ಕೆ ಕಂಡವು. ಅವಳಿಗೆ ಕ್ಲೋರಿನ್ ಇಲ್ಲದ ಉಗುರುಬೆಚ್ಚಗಿನ ಉಪ್ಪುನೀರಲ್ಲಿ ಒಂದು ಮುಳುಗು ಹಾಕಿಸಿದೆ. ಹೊಸ ಸಿಗಡಿ ಈಗ ಫ್ರೀಜರಿನಲ್ಲಿದೆ, ತೆಂಗಿನ ತುರಿಯ ಪಕ್ಕದಲ್ಲೇ. ಅಮ್ಮನಿಗೆ ಹೇಳಿಲ್ಲ.

ವಾರದಲ್ಲಿ ಬಿಳಿ ಹಿಟ್ಟು ಕಡಿಮೆಯಾಯಿತು. ಕರಿ ಸೊಳ್ಳೆ ಮಾತ್ರ ಜಾಸ್ತಿಯಾಗುತ್ತಲೇ ಹೋಯಿತು. ಹಳದಿ ಅಂಟು ಕಾಗದವನ್ನು ತೊಟ್ಟಿಯ ಹೊರಗೆ ನೇತು ಹಾಕಿದೆ. ಒಂದೇ ದಿನಕ್ಕೆ ಎಳ್ಳು ಅಂಟಿಸಿದ ಹಾಗಾಯಿತು. ನೋಡಿದರೆ ಎಳ್ಳೆಲ್ಲಾ ಕಾಗದದ ಒಂದೇ ಕಡೆ. ತೊಟ್ಟಿಯ ಕಡೆ ಅಲ್ಲ, ಕಿಟಕಿಯ ಕಡೆ. ಕಿಟಕಿಯಲ್ಲಿ ಇದ್ದದ್ದು ನನ್ನ ಕರಿಬೇವು.

ಅಮೆರಿಕದ ಚಳಿಯಲ್ಲಿ ಕರಿಬೇವು ಉಳಿಸೋದು ಅಂದರೆ ಬಾಣಂತನ ಇದ್ದ ಹಾಗೆ. ಅಕ್ಟೋಬರಿನಲ್ಲೇ ಒಳಗೆ ತಂದು, ಒಣಗೀತು ಅಂತ ದಿನಾ ನೀರು ಹುಯ್ಯುತ್ತಿದ್ದೆ. ಆ ಹಸಿ ಮಣ್ಣಲ್ಲೇ ಕರಿ ಸೊಳ್ಳೆಗಳು ಮೊಟ್ಟೆ ಇಟ್ಟಿದ್ದವು. ನಿಜವಾದ ಸೊಳ್ಳೆ ಅಲ್ಲ, ಫಂಗಸ್ ನ್ಯಾಟ್ ಅನ್ನುವ ಪುಟ್ಟ ನೊಣ. ಮರಿಹುಳಕ್ಕೆ ಬೂಷ್ಟು, ಕೊಳೆತ ಎಲೆ ಸಾಕು. ತಪ್ಪು ನನ್ನದೂ ಇತ್ತು, ಬರೀ ಅಂಗಡಿಯ ಹುಡುಗನನ್ನು ಬೈದುಕೊಂಡಿದ್ದೆನಲ್ಲ! ನೀರು ನಿಲ್ಲಿಸಿದೆ. ಮೇಲಿನ ಎರಡು ಬೆರಳು ಮಣ್ಣು ಪುಡಿಯಾಗುವವರೆಗೂ ಬಿಟ್ಟೆ. ನಾಲ್ಕು ಎಲೆ ಉದುರಿದವು, ಜೊತೆಗೆ ಸೊಳ್ಳೆಯೂ ಇಳಿಯಿತು.

ಫೆಬ್ರವರಿಯ ಮೊದಲ ವಾರ ಬೆಳಿಗ್ಗೆ ಮಗಳು ಕಿರುಚಿದಳು. "ಅಮ್ಮಾ, ಗುಂಡ!" ಮರಳಿನಲ್ಲಿ ತೂತು. ಹೊಸ ಬಣ್ಣದ ಕಾಲುಗಳನ್ನು ಎಳೆದುಕೊಂಡು ಅವನು ನೇರ ತಟ್ಟೆಗೆ ಹೋದ. ದಾರಿಯಲ್ಲಿದ್ದ ಸ್ಪ್ರಿಂಗ್‌ಟೇಲ್‌ಗಳು ಟಣ್ ಟಣ್ ಅಂತ ನೆಗೆದು ಜಾಗ ಬಿಟ್ಟವು.

ಕರಿಬೇವು ಈಗ ನಮ್ಮ ಮಲಗುವ ಕೋಣೆಯ ಕಿಟಕಿಯಲ್ಲಿದೆ. ರಾತ್ರಿ ಫೋನ್ ನೋಡುವಾಗ ಪರದೆಯ ಮೇಲೆ ಏನೋ ಓಡಾಡುತ್ತೆ ಅಂತ ನಮ್ಮವರು ಹೇಳುತ್ತಿದ್ದಾರೆ. ನನಗೆ ಕೇಳಿಸಿಲ್ಲ.